ಹಗೇವಿನ ಬಾಯಿಯ ಮೇಲಿನ ಆಣೆಕಲ್ಲು

ಇಂದು ಮಧ್ಯಾಹ್ನ ನಮ್ಮ ಓಣಿಯಲ್ಲಿ ಆಣೆಕಲ್ಲು ಬಿದ್ದವು. ಕಿಟಕಿಯ ಕಟ್ಟೆಯ ಮೇಲೆ ನಾಲ್ಕಾರು ಕುಳಿತು ಕರಗುತ್ತಿದ್ದವು. ನಿಮಗೆ ಅದು ತಂಪಿನ ಸಂಗತಿ ಇರಬಹುದು. ನನಗೆ ಆ ಸಪ್ಪಳ ಕೇಳಿದರೆ ಸಾಕು, ಅಂಗೈ ಬೆವರುತ್ತದೆ. ಹಾಗೆ ಬೆವರಿದ್ದನ್ನು ಕಂಡು ನಗುತ್ತಿದ್ದವನು ಲಾಲಸಾಬನೊಬ್ಬನೇ. ಅವನನ್ನು ಮಣ್ಣು ಮಾಡಿ ಇವತ್ತಿಗೆ ಹನ್ನೆರಡು ದಿನ.

ಕರ್ನಾಟಕ ಒಂದಾಗಿ ಎರಡು ಮೂರು ವರ್ಷವಾಗಿರಬೇಕು. ಆಗ ನಾನು ಮುದ್ದೇಬಿಹಾಳದಲ್ಲಿ ಶಾಲಾ ಮಾಸ್ತರ. ಲಾಲಸಾಬ ಎದುರು ಮನೆಯ ರೈತ. ಅವನ ಬಾಗಿಲ ಮುಂದೆ, ಓಣಿಯ ಅಂಚಿಗೆ, ಜೋಳ ತುಂಬಿಡುವ ನೆಲದೊಳಗಿನ ಹಗೇವು ಇತ್ತು. ಅದರ ಬಾಯಿ ಒಬ್ಬ ಇಳಿಯುವಷ್ಟು, ಮೇಲೆ ಒಂದು ಕಲ್ಲಿನ ಚಪ್ಪಡಿ. ಒಳಗಿನ ಕೆಟ್ಟ ಹವೆಗೆ ಜೀವ ಹೋದದ್ದುಂಟು. ಅದಕ್ಕೇ ಬಾಯಿ ತೆರೆದು ತಾಸುಗಟ್ಟಲೆ ಬಿಟ್ಟು, ಕಂದೀಲು ಇಳಿಸಿ ನೋಡಿಯೇ ಇಳಿಯುತ್ತಿದ್ದರು.

ಅಂದು ಆಣೆಕಲ್ಲು ಶುರುವಾದಾಗ ಆ ಬಾಯಿ ತೆರೆದಿತ್ತು. ಜೋಳ ತೊಯ್ದೀತೆಂದು ತಲೆಗೆ ಚೀಲ ಹಾಕಿಕೊಂಡು ಓಡಿ ಚಪ್ಪಡಿ ಎಳೆದೆ. ಉಪಕಾರಕ್ಕೆ ಕಾಲು ಮುಂದೆ, ಬುದ್ಧಿ ಹಿಂದೆ. ನನ್ನದು ಮೊದಲಿನಿಂದಲೂ ಹಾಗೇ.

ಮಳೆ ನಿಂತಾಗ ಪೇಟೆಯೆಲ್ಲ ಬೆಳ್ಳಗಾಗಿತ್ತು. ಮಣ್ಣಿನ ಮಾಳಿಗೆಗಳು ಭಾರಕ್ಕೆ ಕುಸಿದಾವೆಂದು ಮಂದಿ ಸಲಿಕೆ ಹಿಡಿದು ಮೇಲೇರಿದರು. "ಸರೀರ್ರೋ, ಕಲ್ಲ ಬರ್ತಾವ!" ಎಂಬ ಕೂಗು. ಕೆಳಗೆ ನಾನು ನಡೆಯುವ ದಾರಿ ಬಿಡಿಸುತ್ತ, ಎಲ್ಲವನ್ನೂ ಎದುರು ಬದಿಗೆ ಹುರುಪಿನಿಂದ ತಳ್ಳಿದೆ. ಹಗೇವಿನ ಮೇಲೆ ಮೊಣಕಾಲೆತ್ತರ ರಾಶಿಯಾಯಿತು.

ಆಗ ಲಾಲಸಾಬನ ಹೆಂಡತಿ ಮಾಲನಬಿ ಬಾಗಿಲಿಗೆ ಬಂದಳು.

"ಮಾಸ್ತರ, ಇವರು ನಿಮ್ಮ ಮನ್ಯಾಗ ಅದಾರೇನ್ರಿ?"

"ಇಲ್ಲಲ್ಲ ತಂಗಿ. ಯಾಕ?"

"ಜ್ವಾಳ ತೆಗೀತೇನಿ ಅಂತ ಹಗೇವಿನ್ಯಾಗ ಇಳಿದಿದ್ರು..."

ನನ್ನ ಕೈಯಿಂದ ಸಲಿಕೆ ಬಿತ್ತು. ಬರಿಗೈಯಿಂದ ಬಾಚಿದೆ. ಬಾಚಿದಷ್ಟೂ ರಾಶಿ ಮತ್ತೆ ಉರುಳಿ ಬರುತ್ತಿತ್ತು. ಬೆರಳುಗಳು ನನ್ನವಲ್ಲ ಎನ್ನಿಸಿತು. ಮಂದಿ ಕೂಡಿ ಚಪ್ಪಡಿ ಎತ್ತಿದರು. ಇಳಿಸಿದ ಕಂದೀಲಿನ ಉರಿ ಸಣ್ಣಗಾಯಿತು, ಆರಲಿಲ್ಲ.

"ಲಾಲಸಾಬ! ಒಳಗ ಅದೀಯೇನೋ?"

ಕೂಗಿ, ಹಗೇವಿನ ಬಾಯಿಗೆ ಕಿವಿ ಕೊಟ್ಟೆ. ಮಾಲನಬಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಹೊತ್ತು ಎಷ್ಟು ಉದ್ದವಿತ್ತೆಂದು ನಿಮಗೆ ಹೇಗೆ ಹೇಳಲಿ?

"ಅದೀನ್ರಿ ಮಾಸ್ತರ," ಎಂದಿತು ಆಳದಿಂದ ಒಂದು ಕ್ಷೀಣ ದನಿ. "ಎಲ್ಲಿಗಿ ಹೋಗ್ಲಿ? ನೀವಽ ಬಾಗಲಾ ಹಾಕಿದ್ರಲ್ಲ!"

ಹಗ್ಗ ಬಿಟ್ಟು ಎಳೆದೆವು. ನಗುತ್ತಲೇ ಮೇಲೆ ಬಂದ. ಆದರೆ ಹಿಡಿದ ನನ್ನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಅಂದಿನಿಂದ ಓಣಿಯಲ್ಲಿ ಒಂದು ರೂಢಿ ಬಂತು. ಚಪ್ಪಡಿ ಮುಚ್ಚುವ ಮೊದಲು ಬಗ್ಗಿ, "ಒಳಗ ಯಾರರ ಅದೀರೇನ್ರಿ?" ಎಂದು ಮೂರು ಸಲ ಕೂಗುವುದು. ನಾನು ಕೂಗಿದಾಗಲೆಲ್ಲ ಲಾಲಸಾಬ ಪಡಸಾಲೆಯಿಂದ, "ಅದೀನ್ರಿ!" ಎನ್ನುತ್ತಿದ್ದ. ಚೇಷ್ಟೆಯೆಂದು ಗೊತ್ತಿದ್ದೂ ನಾನು ಚಪ್ಪಡಿ ಬಿಟ್ಟು ಇನ್ನೊಮ್ಮೆ ಬಗ್ಗಿ ನೋಡುತ್ತಿದ್ದೆ.

ಮೊನ್ನೆ ಕಬರಸ್ತಾನದಲ್ಲಿ ಅವನ ಮೇಲೆ ಒಂದೊಂದೇ ಚಪ್ಪಡಿ ಇಡುವಾಗ ಆ ಮೂರು ಸಲದ ಕೂಗು ಬಾಯಿಗೆ ಬಂತು. ಮಂದಿ ಏನೆಂದಾರೆಂದು ನುಂಗಿದೆ. ಆಮೇಲೆ ನಿದ್ದೆ ಹತ್ತಿಲ್ಲ. ಈ ಸಲವೂ ಕೇಳದೆ ಮುಚ್ಚಿಬಿಟ್ಟೆನೇ?

ಇಂದು ಮಳೆ ನಿಂತ ಮೇಲೆ ಅವನ ಗೋರಿಗೆ ಹೋದೆ. ಹಸಿ ಮಣ್ಣಿನ ಮೇಲೆ ಆಣೆಕಲ್ಲು ಬೆಳ್ಳಗೆ ಕೂತಿದ್ದವು. ಕೈಯಿಂದ ಸರಿಸಿ, ಬಗ್ಗಿ, ಮೂರು ಸಲ ಕೇಳಿದೆ. ಅಂದು ಅವನು ಉತ್ತರಿಸಲು ತೆಗೆದುಕೊಂಡಷ್ಟು ಹೊತ್ತು ಕಾದೆ. ಆಮೇಲೆ ಇನ್ನೂ ಸ್ವಲ್ಪ ಹೊತ್ತು.

ಬೆರಳುಗಳು ಜೋಮು ಹಿಡಿದಿದ್ದವು. ಅಂಗೈ ಮಾತ್ರ ಬೆವರಿರಲಿಲ್ಲ.