ಮಾವನ ಬೆರಳಿಗೆ ಸಿಕ್ಕ ಅಕ್ಷರ

ಮೊನ್ನೆ ಅಡುಗೆಮನೆಯ ಮೇಲಿನ ಹಲಗೆ ಒರೆಸುತ್ತಿದ್ದೆ. ಹಿಂದೆ ಸೇರಿಕೊಂಡಿದ್ದ ಹಳೆಯ ಡಬ್ಬಿಯೊಂದನ್ನು ಎಳೆದಾಗ ಅದರ ಮೈಯಿಂದ ಏನೋ ಕಳಚಿ ಅಂಗೈಗೆ ಬಿತ್ತು. ಜಿರಲೆಯೆಂದು ಹೆದರಿ ಕೈ ಕೊಡವಿದೆ. ಕನ್ನಡಕ ಏರಿಸಿಕೊಂಡು ನೋಡಿದರೆ ಅರ್ಧ ಬೆರಳಗಲದ ಕೆಂಪು ಪ್ಲಾಸ್ಟಿಕ್ ಪಟ್ಟಿ. ಮೇಲೆ ಬಿಳಿಯ ಉಬ್ಬು ಅಕ್ಷರ. ಲಿಪಿ ಇಂಗ್ಲಿಷು, ಮಾತು ಕನ್ನಡ: ಮೆಣಸು. ಡಬ್ಬಿಯಲ್ಲಿ ಮೆಣಸು ಇಲ್ಲದೆ ಯಾವ ಕಾಲವಾಯಿತೋ. ಪಟ್ಟಿಯನ್ನು ಹಿಡಿದುಕೊಂಡು ಸ್ಟೂಲಿನಿಂದ ಇಳಿದೆ. ಆ ಪಟ್ಟಿಯ ಹಿಂದೆ ಇರುವುದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಕೊಳ್ಳೇಗಾಲದ ನೇಕಾರರ ಬೀದಿಗೆ ಬಂದಿದ್ದೆ. ತವರು ಪಕ್ಕದ ಧನಗೆರೆ. ಎಸ್ಸೆಸ್ಸೆಲ್ಸಿ ಆಗಿ, ಟೈಪಿಂಗು ಕಲಿತಿದ್ದರಿಂದ ಯಳಂದೂರಿನ ಒಂದು ಸಣ್ಣ ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯ ಕೆಲಸ ಸಿಕ್ಕಿತ್ತು. ನಮ್ಮ ಯಜಮಾನರು ಹನೂರಿನಲ್ಲಿ ಮೇಷ್ಟ್ರು. ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಅವರು ಒಂದು ದಿಕ್ಕಿನ ಬಸ್ಸು ಹತ್ತಿದರೆ ನಾನು ಇನ್ನೊಂದು ದಿಕ್ಕಿನದು. ಹೊಸ ದಂಪತಿ ದಿನಾ ಬೆಳಗ್ಗೆ ಒಬ್ಬರಿಗೊಬ್ಬರು ಬೆನ್ನು ಹಾಕಿ ಹೊರಡುವುದನ್ನು ನೋಡಿ ನಿಲ್ದಾಣದ ಹೂವಿನವಳು ನಗುತ್ತಿದ್ದಳು.

ಮನೆಯಲ್ಲಿ ಉಳಿಯುತ್ತಿದ್ದವರು ಮಾವ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವ ಮೂವತ್ತು ವರ್ಷ ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ರೇಷ್ಮೆ ಸೀರೆ ನೇಯ್ದವರು. ನಮ್ಮ ಮದುವೆಗೆ ಒಂದು ವರ್ಷ ಮುಂಚೆ ಎರಡೂ ಕಣ್ಣು ಹೋದವು. ಮಗ್ಗ ಬಿಚ್ಚಿ ಮಾರಿ, ಕುಣಿ ಮುಚ್ಚಿ, ಅದರ ಮೇಲೆ ಗಾರೆ ಬಳಿದಾಗಿತ್ತು. ಆಮೇಲೆ ಅವರ ಜಾಗ ಜಗುಲಿಯ ಮೇಲಿನ ಹಳೆಯ ಕೈಕುರ್ಚಿ. ಅಲ್ಲಿ ಕೂತು ಬೀದಿಯನ್ನೆಲ್ಲ ಕಿವಿಯಿಂದ ಕಾಯುತ್ತಿದ್ದರು.

ಅವರ ಪಾಲಿಗೆ ಕೊಳ್ಳೇಗಾಲ ಇನ್ನೂ ಮದ್ರಾಸು ಕಡೆಯೇ, ಯಳಂದೂರು ಮೈಸೂರು ಸೀಮೆಯೇ. ಐವತ್ತಾರರಲ್ಲಿ ಎರಡೂ ಒಂದೇ ರಾಜ್ಯವಾದದ್ದನ್ನು ಅವರು ಒಪ್ಪಿರಲಿಲ್ಲ. "ನಮ್ಮ ಸೊಸೆ ದಿನಾ ಬ್ಯಾರೆ ಸೀಮೆಗ ಓಗಿ ಬತ್ತಾಳ" ಎಂದು ಬೀದಿಯವರಿಗೆಲ್ಲ ಹೇಳುವರು. ಮೊದಮೊದಲು ತಮಾಷೆಯಾಗಿ ಕೇಳಿಸುತ್ತಿತ್ತು. ಆಮೇಲೆ ಆ ತಮಾಷೆಗೆ ಹಲ್ಲು ಮೂಡಿತು. ಸಂಜೆ ಬಸ್ಸು ತಡವಾದರೆ, "ಯಾಕ, ಮೈಸೂರು ಸೀಮೇಲಿ ಒತ್ತು ಮುಳುಗದಿಲ್ವಾ?" ರಾತ್ರಿ ಊಟಕ್ಕೆ ಕೂತರೆ ಮಗನಿಗೆ, "ಅವಳ್ನ ಕೆಲ್ಸ ಬುಡ್ಸು ಕಣ್ಲಾ." ಯಜಮಾನರು ತಲೆತಗ್ಗಿಸಿ ಅನ್ನ ಕಲಸುವರು. ಕೋಣೆಗೆ ಬಂದ ಮೇಲೆ ನನಗೆ, "ಅಪ್ಪ ಹೇಳೋದ್ರಲ್ಲೂ ಸ್ವಲ್ಪ ನ್ಯಾಯ ಇದೆ ಅಲ್ವಾ" ಅನ್ನುವರು. ನಾನು ಗೋಡೆಯ ಕಡೆ ತಿರುಗಿ ಮಲಗುವೆ. ಎರಡು ವರ್ಷ ಹೀಗೇ ನಡೆಯಿತು.

ಆ ಹೊತ್ತಿಗೆ ನಮ್ಮ ಕಚೇರಿಗೆ ಹೊಸ ಅಧಿಕಾರಿ ಬಂದರು. ಅಚ್ಚುಕಟ್ಟಿನ ಮನುಷ್ಯ, ಮೇಜಿನ ಮೇಲೆ ಪೆನ್ಸಿಲು ಓರೆಯಾಗಿದ್ದರೂ ಮಾತು ನಿಲ್ಲಿಸಿ ನೇರ ಮಾಡುವವರು. ಅವರ ಭಾವಮೈದ ಬೊಂಬಾಯಿಯಿಂದ ತಂದುಕೊಟ್ಟಿದ್ದ ಒಂದು ಕೈಯಂತ್ರ ಅವರ ಬಳಿ ಇತ್ತು. ಮೇಲೊಂದು ಚಕ್ರ, ಚಕ್ರದ ಸುತ್ತ ಇಂಗ್ಲಿಷಿನ ದೊಡ್ಡಕ್ಷರ ಮತ್ತು ಅಂಕಿ. ಬೇಕಾದ ಅಕ್ಷರಕ್ಕೆ ತಿರುಗಿಸಿ ಹಿಡಿ ಒತ್ತಿದರೆ 'ಕಟಕ್' ಎಂದು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಕ್ಷರ ಬೆಳ್ಳಗೆ ಉಬ್ಬಿ ಬರುವುದು. ಹಿಂಬದಿಯ ಕಾಗದ ಸುಲಿದು ಎಲ್ಲಿ ಬೇಕಾದರೂ ಅಂಟಿಸಬಹುದು. ಅದನ್ನು ಮೊದಲ ಸಲ ನೋಡಿದಾಗ ನಾವೆಲ್ಲ ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ಜವಾನ ಸಿದ್ದಯ್ಯ ತನ್ನ ಹೆಸರಿನ ಪಟ್ಟಿಯನ್ನು ಅಂಗಿಯ ಜೇಬಿಗೆ ಅಂಟಿಸಿಕೊಂಡು ಎರಡು ದಿನ ಅಂಗಿ ಒಗೆಯಲೇ ಇಲ್ಲ.

ಅಧಿಕಾರಿಗಳು ಯಂತ್ರವನ್ನು ನನ್ನ ಕೈಗೆ ಕೊಟ್ಟರು. ಬೀರು, ಕಡತ, ಬೀಗದ ಕೈ, ಸ್ಟೂಲು, ಕಚೇರಿಯ ಯಾವುದನ್ನೂ ನಾನು ಬಿಡಲಿಲ್ಲ. ಕಡೆಗೆ ಹಿಂದಿನ ಜಗುಲಿಯಲ್ಲಿ ಗುಡ್ಡೆ ಹಾಕಿದ್ದ ಮುರುಕು ಸಾಮಾನು. ಅವನ್ನು ಲೆಕ್ಕದಿಂದ ತೆಗೆದುಹಾಕಬೇಕಿತ್ತು. ಸರ್ಕಾರಿ ಭಾಷೆಯಲ್ಲಿ ಅದಕ್ಕೆ 'ಕಂಡೆಮ್ಡ್' ಎನ್ನುತ್ತಾರೆ, ಕೆಲಸಕ್ಕೆ ಬಾರದ್ದು ಎಂದು. ಒಂಬತ್ತು ಅಕ್ಷರದ ಆ ಪದವನ್ನು ಇಡೀ ಮಧ್ಯಾಹ್ನ ಒತ್ತಿ ಒತ್ತಿ ಅಂಗೈ ಕೆಂಪಾಯಿತು. ಕುರ್ಚಿ, ಮೇಜು, ಬೆಂಚು ಎಲ್ಲಕ್ಕೂ ಅಂಟಿಸಿದ ಮೇಲೂ ಒಂದು ಪಟ್ಟಿ ಉಳಿಯಿತು. ಅದನ್ನು ಪರ್ಸಿಗೆ ಹಾಕಿಕೊಂಡೆ. ಆ ಶನಿವಾರ ಅಧಿಕಾರಿಗಳನ್ನು ಕೇಳಿ ಯಂತ್ರವನ್ನೂ ಮನೆಗೆ ತಂದೆ.

ಭಾನುವಾರ ಬೆಳಗ್ಗೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ನಾಮಕರಣವಾಯಿತು. ಉಪ್ಪು, ಸಕ್ಕರೆ, ಸಾಸಿವೆ, ಜೀರಿಗೆ, ಮೆಣಸು, ಕಾಪಿಪುಡಿ. ಯಂತ್ರದಲ್ಲಿ ಕನ್ನಡ ಇರಲಿಲ್ಲವಾದ್ದರಿಂದ ನಮ್ಮ ಸಾಸಿವೆ ಇಂಗ್ಲಿಷಿನ ವೇಷ ತೊಟ್ಟಿತು. ನನಗೋ ರಾಜ್ಯ ಗೆದ್ದ ಸಂತೋಷ.

ಮಧ್ಯಾಹ್ನ ಪಕ್ಕದ ಮನೆಯ ಹೆಂಗಸರು ಜಗುಲಿಯಲ್ಲಿ ಮಾವನ ಹತ್ತಿರ ಮಾತಾಡುತ್ತ ಕೂತಿದ್ದರು. ಒಬ್ಬಾಕೆ ಕೇಳಿದಳು, "ಏನಪ್ಪೋ, ಬೆಳಗ್ಗ ಒಳಗ ಕಟಕಟ ಅಂತಿತ್ತು, ತಿರುಗ ಮಗ್ಗ ಆಕುಸ್ದ್ಯಾ?"

ಮಾವ ನಕ್ಕರು. "ಮಗ್ಗ ಎಲ್ಲಿ ಬಂತವ್ವ. ಮಗ್ಗ ಓದ ಜಾಗದಲ್ಲಿ ತೊಟ್ಲಾದ್ರೂ ಬತ್ತದ ಅಂತಿದ್ದಿ ನಾನು. ಸೊಸೆಗ ಬಸ್ಸಿಂದ ಇಳಿಯಾಕೇ ಪುರುಸೊತ್ತಿಲ್ಲ."

ಹೆಂಗಸರು ನಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಬಾಗಿಲ ಹಿಂದೆ ನಿಂತಿದ್ದ ನನ್ನ ಕಿವಿ ಬಿಸಿಯಾಯಿತು. ಸಂಜೆ ಮಾವ ಹಿತ್ತಲಿಗೆ ಹೋದಾಗ ಪರ್ಸಿನಿಂದ ಆ ಉಳಿದ ಪಟ್ಟಿಯನ್ನು ತೆಗೆದೆ. ಕಾಗದ ಸುಲಿದು, ಕುರ್ಚಿಯ ಬಲಗೈಯ ಅಡಿಗೆ, ಯಾರ ಕಣ್ಣಿಗೂ ಬೀಳದ ಕಡೆ, ಒತ್ತಿ ಅಂಟಿಸಿದೆ. ಕುರ್ಚಿ ಹಳೆಯದು, ಅದಕ್ಕೆ ತಾನೆ ಅಂಟಿಸಿದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಆ ರಾತ್ರಿ ಸುಖವಾಗಿ ನಿದ್ದೆ ಬಂತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಿಜ.

ಗುರುವಾರ ಸಂಜೆ ಮನೆಗೆ ಬಂದಾಗ ಒಳಗೆ ಕಾಪಿಯ ವಾಸನೆ. ಮಾವ ಒಲೆಯ ಮುಂದೆ ನಿಂತು ಲೋಟಕ್ಕೆ ಕಾಪಿ ಬಗ್ಗಿಸುತ್ತಿದ್ದರು. ಒಂದು ತೊಟ್ಟೂ ಚೆಲ್ಲಿರಲಿಲ್ಲ. ಮೂರು ವರ್ಷದಿಂದ ಯಾರಾದರೂ ಕೈಗೆ ಕೊಟ್ಟರೆ ಮಾತ್ರ ಕುಡಿಯುತ್ತಿದ್ದ ಮನುಷ್ಯ!

"ಬಂದ್ಯಾ ಕೂಸು? ಸಾಸಿವೆ ಡಬ್ಬೀಲಿ ಜೀರಿಗೆ ತುಂಬ್ಸಿದ್ದೀಯ ನೋಡು" ಎಂದರು.

ನನ್ನ ಕೈಯಿಂದ ಊಟದ ಡಬ್ಬಿ ಬಿತ್ತು. "ಮಾವ, ನಿಮಗೆ ಹೆಂಗೆ..."

"ಕಣ್ಣು ಓಗಿದ್ರೇನು, ಬೆರಳು ಓಗಿಲ್ವಲ್ಲ. ಜರಿ ಪೆಟ್ಟಿಗೆ ಮ್ಯಾಲ ಸೂರತ್‌ನವರು ಆಕ್ತಿದ್ದದ್ದು ಇದೇ ದೊಡ್ಡಕ್ಷರ ಅಲ್ವಾ? ಓದ್ಕಂಡೇ ಕಲ್ತಿ. ಬೇರೇದು ಓದಾಕ ಬರಲ್ಲ, ಇದು ಬತ್ತದ." ಲೋಟವನ್ನು ನನ್ನ ಕಡೆ ಚಾಚಿದರು. "ನಾಕು ದಿನದಿಂದ ಮನೆಯೆಲ್ಲ ತಡವಿ ತಡವಿ ಓದ್ತಾ ಇವ್ನಿ. ಎಷ್ಟು ಖುಸಿಯಾಯ್ತು ಅಂತೀಯ!"

ಮನೆಯೆಲ್ಲ. ಆ ಮಾತು ಕಿವಿಗೆ ಬಿದ್ದದ್ದೇ ನಾನು ಜಗುಲಿಗೆ ಓಡಿದೆ. ಕುರ್ಚಿಯ ಕೈಯಡಿಗೆ ಉಗುರು ಹಾಕುವಷ್ಟರಲ್ಲಿ ಅವರು ಹಿಂದೆಯೇ ಬಂದರು.

"ಅಲ್ಲೂ ಒಂದು ಅಂಟ್ಸಿದ್ದೀಯ. ಅದೊಂದು ತಿಳೀಲಿಲ್ಲ ಕಣವ್ವ. ಸಿ, ಓ, ಎನ್ನು, ಡಿ..." ಒಂಬತ್ತು ಅಕ್ಷರವನ್ನೂ ಬಾಯಿಪಾಠ ಒಪ್ಪಿಸಿದರು. "ಅಂದ್ರ ಯಾನ?"

ಬಾಯಿಗೆ ಬಂದದ್ದನ್ನು ಹೇಳಿದೆ. "ಅದು... ಮರ್ಯಾದಸ್ತರು ಕೂರೋ ಕುರ್ಚಿ ಅಂತ, ಮಾವ. ನಮ್ಮ ಸಾಹೇಬ್ರು, ಹಿರಿಯರ ಕುರ್ಚಿಗೆ ಹಾಕು ಅಂತ ಕೊಟ್ರು. ಸರ್ಕಾರದ ಪಟ್ಟಿ, ಯಾರಿಗೂ ಹೇಳಬೇಡಿ."

ಮಾವನ ಮುಖ ಅರಳಿದ್ದು ಈಗಲೂ ನನ್ನ ಕಣ್ಣಮುಂದಿದೆ. ಆ ರಾತ್ರಿ ಮಗನಿಗೂ ಹೇಳಲಿಲ್ಲ. ಕುರ್ಚಿಯ ಕೈಯಡಿಯನ್ನು ಮಾತ್ರ ಆಗಾಗ ಸವರಿಕೊಂಡರು. ಕಿತ್ತುಬಿಡೋಣವೆಂದರೆ ಅವರು ಆ ಕುರ್ಚಿ ಬಿಟ್ಟು ಏಳುತ್ತಲೇ ಇರಲಿಲ್ಲ.

ಮುಂದಿನ ವಾರ ಒಂದು ಮಧ್ಯಾಹ್ನ ಕಚೇರಿಯಲ್ಲಿ ಟೈಪು ಮಾಡುತ್ತಿದ್ದೆ. ಸಿದ್ದಯ್ಯ ಬಂದ. "ಅಮ್ಮೋರೆ, ನಿಮ್ಮನ್ನ ಕೇಳ್ಕಂಡು ಯಾರೋ ಹಿರೀಕರು ಬಂದವರೆ. ಕಣ್ಣು ಕಾಣಾದಿಲ್ಲ. ಕಂಡಕ್ಟರೇ ಕೈ ಹಿಡ್ಕಂಡು ಬಂದು ಬುಟ್ಟೋದ. ಸಾಹೇಬ್ರಿಗ ಕೈ ಮುಗೀಬೇಕಂತೆ. ಹಿಂದ್ಗಡೆ ಜಗುಲಿ ನೆರಳಲ್ಲಿ ಕೂರ್ಸಿವ್ನಿ."

ಹಿಂದಿನ ಜಗುಲಿ!

ನಾನು ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಹಿಂಬಾಗಿಲಿಗೆ ಹೋಗಿ ನಿಂತೆ. ಒಗೆದ ಪಂಚೆ ಉಟ್ಟು, ಮದುವೆಮನೆಗೆ ಹಾಕುವ ಕೋಟು ತೊಟ್ಟಿದ್ದ ಮಾವ, ಮುರುಕು ಸಾಮಾನಿನ ನಡುವೆ ನಿಂತಿದ್ದರು. ಎಡಗೈಯಲ್ಲಿ ಅಧಿಕಾರಿಗಳಿಗೆ ಕೊಡಲು ತಂದ ನಿಂಬೆಹಣ್ಣು. ಬಲಗೈ ಒಂದು ಮೂರು ಕಾಲಿನ ಕುರ್ಚಿಯ ಮೇಲೆ. ಬೆರಳು ಪಟ್ಟಿಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು, ತುಟಿ ಅಲುಗುತ್ತಿತ್ತು. ಅಲ್ಲಿಂದ ಪಕ್ಕದ ಮೇಜು. ಅಲ್ಲಿಂದ ಬೆನ್ನು ಮುರಿದ ಬೆಂಚು. ಒಂದೊಂದನ್ನೂ ಕೊನೆಯ ಅಕ್ಷರದವರೆಗೆ ಓದುತ್ತಿದ್ದರು.

ನನ್ನ ಉಸಿರು ಕೇಳಿಸಿತೇನೋ. ತಿರುಗದೆಯೇ ಹೇಳಿದರು: "ಇಲ್ಲೂ ಅದೇ ಅಂಟ್ಸಿದ್ದೀಯಲ್ಲ ಕೂಸು. ಇದ್ಕ ಮೂರೇ ಕಾಲು. ಇದ್ಕ ಬೆನ್ನೇ ಇಲ್ಲ. ಮರ್ಯಾದಸ್ತರು ಇದ್ರ ಮ್ಯಾಲ ಎಂಗ ಕೂತ್ಕತ್ತಾರ?"

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ನಿಜ ಯೋಳು. ಅಂದ್ರ ಯಾನ?"

"ಕೆಲಸಕ್ಕೆ ಬಾರದ್ದು ಅಂತ, ಮಾವ."

ಅವರು ಆ ಪಟ್ಟಿಯನ್ನು ಮತ್ತೊಮ್ಮೆ ಮೊದಲಿನಿಂದ ಸವರಿದರು. ಬೆರಳು ಬೆಂಚಿನ ಮೇಲೆಯೇ ಇತ್ತು. "ಕುರ್ಚಿಗ ಅಂಟ್ಸಿದ್ಯೋ, ನಂಗ ಅಂಟ್ಸಿದ್ಯೋ?"

ಕುರ್ಚಿಗೆ ಎಂಬ ಉತ್ತರ ಹತ್ತು ದಿನದಿಂದ ನನ್ನ ನಾಲಗೆಯ ತುದಿಯಲ್ಲೇ ಕಾಯುತ್ತಿತ್ತು. ಆ ಕೋಟು, ಆ ನಿಂಬೆಹಣ್ಣು ನೋಡಿದ ಮೇಲೆ ಅದು ಹೊರಗೆ ಬರಲಿಲ್ಲ.

"ನಿಮಗೇ, ಮಾವ" ಎಂದೆ.

ಅಷ್ಟರಲ್ಲಿ ಅಧಿಕಾರಿಗಳು ಹೊರಗೆ ಬಂದರು. ಏನು, ಯಾರು ಎಂದು ವಿಚಾರಿಸಿದರು. ನನ್ನ ಕೆಲಸ ಹೋಯಿತು, ಗಂಡನ ಮನೆಯೂ ಹೋಯಿತು ಎಂದುಕೊಂಡೆ. ಮಾವ ನಿಂಬೆಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. "ನಾನು ಈಕೆ ಮಾವ ಸಾ. ಸೊಸೆ ಕೆಲ್ಸ ಮಾಡೋ ಜಾಗ ಎಂಗದ ಅಂತ ಬಂದಿ. ಅಷ್ಟೇಯ." ಅಧಿಕಾರಿಗಳು ಹಣ್ಣು ತೆಗೆದುಕೊಂಡು ಸಂಕೋಚದಿಂದ ನಕ್ಕರು, ಇವರನ್ನು ಕರೆದುಕೊಂಡು ಮನೆಗೆ ಹೋಗಮ್ಮ ಎಂದರು.

ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ. ಅರ್ಧ ದಾರಿ ಕಳೆದ ಮೇಲೆ ಅವರು ಮಾತಾಡಿದರು.

"ಅಳಬ್ಯಾಡ. ನಾನೂ ನಿಂಗ ಏನೇನೋ ಅಂದಿವ್ನಿ. ಅವತ್ತು ತೊಟ್ಲು ಸುದ್ದಿನೂವೆ. ಅದ ಅಂಟ್ಸಾಕ ನನ್ನತ್ರ ಮಿಷನ್ನು ಇರ್ನಿಲ್ಲ, ಅಷ್ಟೇಯ."

ಮನೆಗೆ ಬಂದವಳೇ ಕುರ್ಚಿಯ ಪಟ್ಟಿಯನ್ನು ಕಿತ್ತು ಒಲೆಗೆ ಹಾಕಿದೆ. ಅಡುಗೆಮನೆಯವನ್ನೂ ಕೀಳಲು ಕೈ ಹಾಕಿದಾಗ ಮಾವ ಜಗುಲಿಯಿಂದಲೇ ಗದರಿದರು: "ಅವ ಮುಟ್ಬ್ಯಾಡ. ನಾನು ಕಾಪಿ ಮಾಡ್ಕಳದು ಬ್ಯಾಡ್ವಾ?" ಆಮೇಲೆ ಅವರು ಬದುಕಿದ್ದಷ್ಟು ವರ್ಷ, ಸಂಜೆ ನಾನು ಬರುವ ಹೊತ್ತಿಗೆ ಒಲೆಯ ಪಕ್ಕ ಮುಚ್ಚಿಟ್ಟ ಒಂದು ಲೋಟ ಕಾಪಿ ಇರುತ್ತಿತ್ತು. ಬಸ್ಸು ತಡವಾದ ದಿನ ಆರಿರುತ್ತಿತ್ತು, ಹಾಗೆಯೇ ಕುಡಿಯುತ್ತಿದ್ದೆ. ತೊಟ್ಟಿಲು ಬಂದದ್ದು ಇನ್ನೂ ಎರಡು ವರ್ಷಕ್ಕೆ. ಅಲ್ಲಿಯವರೆಗೆ ಅದರ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ಇಷ್ಟನ್ನೂ ಮೊನ್ನೆ, ಸ್ಟೂಲಿನಿಂದ ಇಳಿದವಳು, ಹೊರಗೆ ಪೇಪರು ಓದುತ್ತಿದ್ದ ಯಜಮಾನರ ಎದುರು ಕೂತು ಹೇಳಿಬಿಟ್ಟೆ. ಈ ವಯಸ್ಸಿನಲ್ಲಿ ಬೈದರೆ ಬೈಯಲಿ ಎಂದು. ಅವರು ಪೇಪರು ಮಡಿಸಿಟ್ಟು ಕೇಳಿದರು. ಮುಗಿದ ಮೇಲೆ ಬೇರೆಯೇ ಏನೋ ವಿಚಾರಿಸಿದರು.

"ನಿನ್ನ ಕೆಲಸ ಬಿಡಿಸೋ ಮಾತು ನಾನು ಯಾವಾಗ ನಿಲ್ಲಿಸಿದೆ, ನೆನಪಿದೆಯಾ?"

"ನಾನು ಹಟ ಹಿಡಿದೆ, ನೀವು ಸೋತ್ರಿ" ಎಂದೆ. ನಲವತ್ತು ವರ್ಷದಿಂದ ನಾನು ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡು ಬಂದದ್ದು ಅದನ್ನೇ.

ಅವರು ತಲೆಯಾಡಿಸಿದರು. "ಅವತ್ತು ನಾನು ಹನೂರಿಂದ ಬಂದಾಗ ನೀನು ಹಿತ್ತಲಲ್ಲಿದ್ದೆ. ಕಣ್ಣು ಕಾಣದೋನು ಒಬ್ಬನೇ ಬಸ್ ಹತ್ತಿ ಎಲ್ಲಿಗೆ ಹೋಗಿದ್ದೆ ಅಂತ ಅಪ್ಪನ ಮೇಲೆ ರೇಗಿದೆ. 'ಸೊಸೆ ಆಫೀಸ ನೋಡ್ಕಂಡು ಬಂದಿ ಕಣ್ಲಾ' ಅಂದ. 'ಒಂದೊಂದನ್ನೂ ಎಷ್ಟು ಚೆಂದಾಗಿ ಜೋಡ್ಸವ್ಳ ಅಂತೀಯ. ನಾನು ಯೋಳ್ದೆ ಅಂತ ಅವಳ್ನ ಕೆಲ್ಸ ಬುಡ್ಸೀಯ, ಉಷಾರು.'"

ನಾನು ಎದ್ದು ಒಳಗೆ ಹೋಗಿ, ಪಟ್ಟಿಯ ಹಿಂಬದಿಗೆ ಗೋಂದು ಬಳಿದು, ಮೆಣಸಿನ ಡಬ್ಬಿಗೆ ಮತ್ತೆ ಒತ್ತಿ ಅಂಟಿಸಿದೆ.