ಗೋಡೆಗೆ ಕಿವಿ ಕೊಡುವ ಮೇಸ್ತ್ರಿ

ಬೆಳಗಿನ ಐದೂವರೆ. ಕಾರ್ಮಿಕ ಸಂಘದ ಹಳೆಯ ಸಭಾಂಗಣದಲ್ಲಿ ಅರವತ್ತು ದಾಟಿದ ಗಾರೆ ಮೇಸ್ತ್ರಿಯೊಬ್ಬರು ಗೋಡೆಗೆ ಕಿವಿ ಹಚ್ಚಿ ನಿಂತಿದ್ದಾರೆ. ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಕೇಳುತ್ತಾರೆ, ಒಂದು ಗೇಣು ಸರಿಯುತ್ತಾರೆ. ಹಳೆಯ ಗಾರೆ ಸಡಿಲವಾಗಿ ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು. ಬಸ್ಸುಗಳ ಓಡಾಟ ಶುರುವಾದರೆ ಇದೊಂದೂ ಕೇಳಿಸುವುದಿಲ್ಲ. ಅದಕ್ಕೇ ಈ ಹೊತ್ತು.

"ಗಟ್ಟಿ ಇದ್ದ ಕಡೆ ಗೋಡೆ ಚುಟುಕಾಗಿ ಉತ್ತರ ಕೊಡತ್ತೆ. ಒಳಗೆ ಪೊಳ್ಳಾಗಿದ್ರೆ ಜಾಸ್ತಿ ಮಾತಾಡತ್ತೆ, ಮನುಷ್ಯರ ಥರಾನೇ" ಎನ್ನುತ್ತಾರೆ.

"ಮನೇಲಿ ನಾನು ಮೂರು ಸಲ ಕೂಗಿದ್ರೂ ಕೇಳಲ್ಲ ಆ ಕಿವಿಗೆ" ಎಂದು ಮೂಲೆಯಲ್ಲಿ ಮರಳು ಜರಡಿ ಹಿಡಿಯುತ್ತಿರುವ ಅವರ ಹೆಂಡತಿ ತಲೆಯೆತ್ತದೆ ಹೇಳುತ್ತಾರೆ.

ಇದು ಗಿರಣಿ ಕೆಲಸಗಾರರು ರಜೆಯ ದಿನಗಳಲ್ಲಿ ತಾವೇ ಇಟ್ಟಿಗೆ ಹೊತ್ತು ಕಟ್ಟಿದ ಸಭಾಂಗಣ. ಗಿರಣಿ ಮುಚ್ಚಿದ ಮೇಲೆ ಹತ್ತು ವರ್ಷ ಬೀಗ ಬಿದ್ದಿತ್ತು. ಈಗ ಬೀದಿಯವರೆಲ್ಲ ಸೇರಿ ವಾಚನಾಲಯಕ್ಕೆ, ಹೊಲಿಗೆ ತರಗತಿಗೆ, ಸಂಜೆಯ ಪಾಠಕ್ಕೆ ಅದನ್ನು ಸಜ್ಜು ಮಾಡುತ್ತಿದ್ದಾರೆ. ಉಳಿದಿರುವುದು ಈ ಒಂದೇ ಗೋಡೆ. ನಲವತ್ತಡಿ ಉದ್ದ, ಒಳಗೆಲ್ಲ ತೇವ ಹಿಡಿದಿತ್ತು. ಸೋಮವಾರದೊಳಗೆ ಒಣಗದಿದ್ದರೆ ಮೇಲೆ ಹಲಗೆ ಹೊಡೆದು ಮುಚ್ಚಿಬಿಡುವುದೆಂದು ಬೀದಿಯವರ ಸಮಿತಿ ತೀರ್ಮಾನಿಸಿದೆ.

ಇಷ್ಟು ತೇವ ಹೇಗೆ ಬಂತು ಎಂದು ಕೇಳಿದರೆ ಮೇಸ್ತ್ರಿ ಕರಣೆ ತೊಳೆಯುತ್ತಾರೆ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಾರೆ.

"ನನ್ನಿಂದ. ಇಪ್ಪತ್ತೆಂಟು ವರ್ಷದ ಹಿಂದೆ ಗೋಡೆ ನುಣ್ಣಗೆ ಮಾಡಿಕೊಡು ಅಂದ್ರು. ಸುಣ್ಣದ ಗಾರೆ ಮೇಲೆ ಸಿಮೆಂಟ್ ಬಳಿದೆ. ಸುಣ್ಣದ ಗೋಡೆ ಉಸಿರಾಡತ್ತೆ, ನಾನು ಅದರ ಬಾಯಿ ಕಟ್ಟಿದೆ. ನೀರು ಒಳಗೇ ಕೂತ್ಕೊಂಡ್ತು. ಅವತ್ತು ಎಲ್ರೂ ಭೇಷ್ ಅಂದಿದ್ರು."

ಸಭೆಗೆ ಬಂದವರು ಊಟದ ಚೀಲ ನೇತುಹಾಕುತ್ತಿದ್ದ ಮರದ ಗೂಟಗಳೂ ಈ ಗೋಡೆಯಲ್ಲಿದ್ದವು. ನುಣುಪಿಗೆ ಅಡ್ಡ ಬಂದವೆಂದು ನೂರಾ ಹನ್ನೊಂದನ್ನೂ ಕೊಯ್ದು ಹಾಕಿದ್ದು ಅವರೇ. ಹಾಗಾಗಿ ಸಭಾಂಗಣ ದುರಸ್ತಿಯ ಸುದ್ದಿ ಕಿವಿಗೆ ಬಿದ್ದಾಗ ಯಾರೂ ಕರೆಯುವ ಮೊದಲೇ ಬಂದು ನಿಂತರು. ದಿನಕ್ಕೆ ಹನ್ನೆರಡು ಚದರಡಿ ಸಿಮೆಂಟ್ ಕೆತ್ತಿದರು. ಅವಸರ ಮಾಡಿದರೆ ಇಟ್ಟಿಗೆಯೇ ಕಿತ್ತು ಬರುತ್ತದೆ. ಮೂವತ್ತೇಳು ದಿನದಲ್ಲಿ ಸಿಮೆಂಟೆಲ್ಲ ಹೋಗಿ ಹಳೆಯ ಸುಣ್ಣದ ಗಾರೆ ಹೊರಬಂತು. ಬಲಗೈ ಈಗ ಭುಜದಿಂದ ಮೇಲೇಳುವುದಿಲ್ಲ. ಹೊಸ ಗೂಟಗಳು ಒಂದು ಗೋಣಿಯಲ್ಲಿ ಕಾದಿವೆ. ಹಲಗೆ ಬಂದರೆ ಅವು ಗೋಣಿಯಲ್ಲೇ ಉಳಿಯುತ್ತವೆ.

ಇಂದು ಸೋಮವಾರ. ನಿನ್ನೆ ಸಂಜೆ ಗೋಡೆಗೆ ಒತ್ತಿ, ಅಂಚಿಗೆ ಟೇಪು ಹಚ್ಚಿದ ಹಳೆಯ ಪತ್ರಿಕೆಯ ಹಾಳೆಗಳು ಹಾಗೇ ಇವೆ. ತೇವವಿದ್ದರೆ ಬೆಳಗಾಗುವಷ್ಟರಲ್ಲಿ ಮೆತ್ತಗಾಗಿರಬೇಕು.

ಆರಕ್ಕೆ ಸಮಿತಿಯ ಕಾರ್ಯದರ್ಶಿ ಬರುತ್ತಾರೆ. ಗಿರಣಿಯ ಕೊನೆಯ ಪಾಳಿಯಲ್ಲಿ ದುಡಿದಾಕೆ. ಹಾಳೆಯೊಂದನ್ನು ಕಿತ್ತು ಮಡಚುತ್ತಾರೆ. ಅದು ಚರಚರ ಎನ್ನುತ್ತದೆ. ಇನ್ನೊಂದು, ಮತ್ತೊಂದು. ಕೆಳಗಿನ ಮೂಲೆಯದನ್ನು ಎರಡು ಸಲ ಮಡಚಿ ನೋಡುತ್ತಾರೆ.

"ಹಲಗೆಯವರಿಗೆ ಬರೋದು ಬೇಡ ಅಂತೀನಿ ಅಣ್ಣ. ಗಾರೆ ಶುರು ಮಾಡಿ."

ಮೇಸ್ತ್ರಿ ತಲೆಯಾಡಿಸಿ ಗೋಣಿಯ ಬಾಯಿ ಬಿಚ್ಚುತ್ತಾರೆ. ಒಂದು ಗೂಟ ತೆಗೆದು ಅಂಗೈಯಲ್ಲಿ ಹೊರಳಿಸುತ್ತಾರೆ.

"ಅವತ್ತು ಕೆಲಸ ಮಾಡುವಾಗ ನನ್ನ ಚೀಲ ಹೊರಗಡೆ ಮರಕ್ಕೆ ನೇತಾಕಿದ್ದೆ. ನಾನು ಗಿರಣಿಯವನಲ್ವಲ್ಲ" ಎನ್ನುತ್ತಾರೆ. "ಈ ಸಲ ಒಂದು ಗೂಟ ಕೇಳೋಣ ಅಂತಿದೀನಿ."

"ಎರಡು ಕೇಳ್ರೀ" ಎಂದು ಹೆಂಡತಿ ಜರಡಿ ಕೊಡವುತ್ತಾರೆ. "ನನ್ನ ಚೀಲ ಏನು ತಲೆ ಮೇಲೆ ಇಟ್ಕೊಂಡಿರ್ಲಾ?"