ರಂಗೂನಿನಲ್ಲಿ ಚೆಂಡಾಡಿ ಬಂದ ಡ್ರಿಲ್ ಸಾಹೇಬರು

ಹೋದ ವಾರ ಮಂಡ್ಯದ ಪೇಟೆಬೀದಿಯಲ್ಲಿ ಚಪ್ಪಲಿ ಹೊಲಿಸಲು ಕೂತಿದ್ದೆ. ಪಕ್ಕದಲ್ಲಿ ಯಾರದೋ ಹಳೆಯ ಬೂಟಿಗೆ ಹರಳೆಣ್ಣೆ ಸವರುತ್ತಿದ್ದರು. ಬಿಸಿಲಿಗೆ ಕಾದ ಚರ್ಮ, ಎಣ್ಣೆ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡ್ರಿಲ್ ಸಾಹೇಬರು ಕಾಲು ಚಾಚಿ ಕೂತು ಶಾಲೆಯ ಚೆಂಡಿಗೆ ಎಣ್ಣೆ ತಿಕ್ಕುತ್ತಿದ್ದುದು ಕಣ್ಣಿಗೆ ಕಟ್ಟಿತು.

ಜಪಾನಿನವರು ಬರ್ಮಾಕ್ಕೆ ನುಗ್ಗಿದ ವರ್ಷ ಅದು. ಹೊಳಲಿನವನಾದ ನಾನು ಮಳವಳ್ಳಿಯ ಒಂದು ಶಾಲೆಗೆ ಹೊಸದಾಗಿ ಮೇಷ್ಟ್ರಾಗಿ ಸೇರಿದ್ದೆ. ಸಾಹೇಬರು ಕಿರುಗಾವಲಿನವರು, ಅವರ ಅಣ್ಣನದು ಬಸ್ಸು ರಿಪೇರಿ ಕೆಲಸ. ಹುಡುಗನಾಗಿದ್ದಾಗಲೇ ರಂಗೂನಿಗೆ ಹೋಗಿದ್ದವರು, ಬಾಂಬು ಬಿದ್ದ ಮೇಲೆ ಕಾಡುದಾರಿ ಹಿಡಿದು ನಡೆದೇ ಬಂದಿದ್ದರಂತೆ. ಎಡಮಂಡಿ ಸದಾ ಊದಿಕೊಂಡಿರುತ್ತಿತ್ತು. ಹೆಡ್‌ಮೇಷ್ಟ್ರು ಮರುಗಿ ಡ್ರಿಲ್ ಹೇಳಿಕೊಡುವ ಕೆಲಸ ಕೊಟ್ಟಿದ್ದರು.

"ರಂಗೂನಲ್ಲಿ ಏನ್ ಮಾಡ್ತಿದ್ರಿ?" ಎಂದು ಒಂದು ದಿನ ಕೇಳಿದೆ.

"ಚೆಂಡಾಡ್ತಿದ್ದೆ."

"ಅದಿರ್ಲಿ, ಹೊಟ್ಟೆಪಾಡಿಗೆ?"

"ಅದೇಯ ಮೇಷ್ಟ್ರೇ. ಕಂಪನಿಯೋರು ಸಂಬಳ ಕೊಟ್ಟು ಆಡುಸ್ತಿದ್ರು. ರಂಗೂನು, ಪಿನಾಂಗು, ಸಿಂಗಾಪುರ... ಎಲ್ಲಾ ಕಡೆ ಆಡಿವ್ನಿ."

ಚೆಂಡು ಒದ್ದರೆ ಸಂಬಳ! ಎಷ್ಟು ಗೋಲು ಹೊಡೆದಿದ್ದೀರಿ ಎಂದೆ. ಅವರು ತಲೆಯಾಡಿಸಿದರು. "ನಾನ್ ಗೋಲು ಒಡೆಯೋನಲ್ಲ. ನಡುವೆ ನಿಂತ್ಕಂಡು, ಚೆಂಡು ಯಾರ್ ಕಾಲಿಗೆ ಓಗ್ಬೇಕು ಅಂತ ನೋಡಿ ಕಳ್ಸೋನು."

ಗೋಲನ್ನೇ ಹೊಡೆಯದವನಿಗೆ ಯಾರು ದುಡ್ಡು ಕೊಡುತ್ತಾರೆ? ಈ ಮನುಷ್ಯ ಅಲ್ಲಿ ಬೇರೇನೋ ಮಾಡುತ್ತಿದ್ದ ಎಂದು ಅಂದೇ ತೀರ್ಮಾನಿಸಿಬಿಟ್ಟೆ. ಆಮೇಲೆ ಅವರು ಮಾಡಿದ್ದೆಲ್ಲ ನನಗೆ ಅನುಮಾನಾಸ್ಪದವಾಗಿಯೇ ಕಂಡಿತು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಹೋದ ಮೇಲೆ ಒಬ್ಬರೇ ಕೂತು ಸೀಸದ ಕಡ್ಡಿಯಲ್ಲಿ ಏನೋ ಗೀಚುತ್ತಿದ್ದರು. ಯಾರಾದರೂ ಬಂದರೆ ನಾಚಿದವರಂತೆ ಕಾಗದ ಮಡಚಿ ಶಾಲೆಯ ಬೀರುವಿನೊಳಗೆ ಇಡುತ್ತಿದ್ದರು. ಅದು ನಾಚಿಕೆ ಅಂತ ಈಗ ಅನ್ನುತ್ತೇನೆ... ಆಗ ಹಾಗೆ ಕಂಡಿರಲಿಲ್ಲ.

ಆ ಬೀರುವಿಗೆ ಎರಡು ಬೀಗದ ಕೈ. ಒಂದು ಅವರ ಹತ್ತಿರ, ಒಂದು ನನ್ನ ಹತ್ತಿರ.

ಅದೇ ಹೊತ್ತಿಗೆ ಚಳವಳಿಯ ಗಲಾಟೆಯಲ್ಲಿ ಮದ್ದೂರಿನ ಕಡೆ ಯಾರೋ ಟೆಲಿಗ್ರಾಫ್ ತಂತಿ ಕತ್ತರಿಸಿದರೆಂದು ಸುದ್ದಿ ಹಬ್ಬಿತು. ನಾನು ಬೀರು ತೆಗೆದೆ. ಮಡಚಿದ ಕಾಗದದ ತುಂಬ ಸೊನ್ನೆಗಳು, ಕತ್ತರಿ ಗುರುತುಗಳು, ಅವುಗಳ ನಡುವೆ ಓಡುವ ಬಾಣಗಳು. ರೈಲು ದಾರಿ, ತಂತಿ ಕಂಬ... ನನಗೆ ಬೇಕಾದದ್ದೆಲ್ಲ ಅದರಲ್ಲಿ ಕಂಡಿತು. ಸಂಜೆ ಅದನ್ನು ಒಯ್ದು ಇನ್ಸ್‌ಪೆಕ್ಟರ ಕೈಗೆ ಕೊಟ್ಟೆ. ಮಾರನೆಯ ದಿನ ಡ್ರಿಲ್ಲಿನ ನಡುವೆಯೇ ಸಾಹೇಬರನ್ನು ಕರೆದೊಯ್ದರು.

ನಾಲ್ಕನೆಯ ದಿನ ಇನ್ಸ್‌ಪೆಕ್ಟರು ನನಗೂ ಹೆಡ್‌ಮೇಷ್ಟ್ರಿಗೂ ಹೇಳಿಕಳುಹಿಸಿದರು. ಠಾಣೆಯ ಹಿಂದಿನ ಬಯಲಲ್ಲಿ ಕಾನ್‌ಸ್ಟೇಬಲ್‌ಗಳು ಕಾಲುಪಟ್ಟಿ ಬಿಚ್ಚಿಟ್ಟು ಎರಡು ಗುಂಪಾಗಿ ನಿಂತಿದ್ದರು. ನಡುವೆ ಸಾಹೇಬರು, ಗಡ್ಡ ಬೆಳೆದಿತ್ತು, ಬರಿಗಾಲು.

"ಇವೆಲ್ಲ ಆಟದ ವರಸೆ ಅಂತಾನೆ," ಎಂದು ಇನ್ಸ್‌ಪೆಕ್ಟರು ಕಾಗದ ಆಡಿಸಿದರು. "ಆಡಿ ತೋರ್ಸು, ನೋಡಣ. ಸುಳ್ಳಾದ್ರೆ ಮೈಸೂರಿನ ಜೈಲು."

ಸಾಹೇಬರು ಒಬ್ಬೊಬ್ಬರ ಭುಜ ಹಿಡಿದು ಜಾಗ ತೋರಿಸಿದರು. "ನೀನು ಅತ್ತಾಗೆ ಓಡ್ಲಾ. ಚೆಂಡು ನೋಡ್ಬೇಡ, ನೀನು ಓಗೋ ತಾವಿಗೆ ಅದೇ ಬತ್ತದೆ."

ಬಂತು. ಒಮ್ಮೆಯಲ್ಲ, ಎರಡು ಸಲ, ಬಾಣದ ಗುರುತು ಹೇಳಿದ ಕಡೆಗೇ. ಎಂದೂ ಚೆಂಡು ಮುಟ್ಟಿರದ ಕಾನ್‌ಸ್ಟೇಬಲ್‌ಗಳು ಹುಚ್ಚರಂತೆ ಕೂಗಿ ನಕ್ಕರು. ಮೂರನೆಯ ಸಲ ಎದುರಿನಿಂದ ಇಬ್ಬರು ಒಟ್ಟಿಗೆ ಮೇಲೆ ಬಿದ್ದರು. ಸಾಹೇಬರು ಎಡಗಾಲೂರಿ ತಿರುಗಿದರು. ಒಣಕಡ್ಡಿ ಮುರಿದಂಥ ಸದ್ದು ನನಗೂ ಕೇಳಿಸಿತು. ಅವರು ಬೀಳುವ ಹೊತ್ತಿಗೆ ಚೆಂಡು ಬಲಗಡೆಯವನ ಕಾಲಿಗೆ ಸೇರಿ ಗೋಲೂ ಆಗಿತ್ತು.

ಇನ್ಸ್‌ಪೆಕ್ಟರು ಟೊಪ್ಪಿ ತೆಗೆದರು. "ಎತ್ತಿಕೊಳ್ರೋ ಅವರನ್ನ... ಉಷಾರು," ಎಂದರು. ಅಲ್ಲಿಯವರೆಗೂ 'ಅವನು' ಎನ್ನುತ್ತಿದ್ದವರು.

ಮಂಡಿ ಮತ್ತೆ ಮಡಚಲು ಬರಲಿಲ್ಲ. ಕುಂಟುವವರಿಂದ ಡ್ರಿಲ್ ಹೇಗೆ ಹೇಳಿಸುವುದು ಎಂದು ಕೆಲಸವೂ ಹೋಯಿತು. ಕಿರುಗಾವಲಿಗೆ ಹೋಗಿ ಅಣ್ಣನ ಜೊತೆ ಬಸ್ಸಿನ ಚಕ್ರ ಬಿಚ್ಚಿ ತೊಡಿಸುತ್ತ ಕೂತರು.

ಸ್ವಾತಂತ್ರ್ಯ ಬಂದ ವರ್ಷ ನಾನು ಕೂತಿದ್ದ ಬಸ್ಸು ಅವರ ಷೆಡ್ಡಿನ ಮುಂದೆಯೇ ಕೆಟ್ಟು ನಿಂತಿತು. ನನ್ನನ್ನು ಕಂಡು ಟೀ ತರಿಸಿದರು. ಹುಡುಗರು ಈಗಲೂ ಆಡುತ್ತಾರಾ ಎಂದು ವಿಚಾರಿಸಿದರು. ಬಸ್ಸು ಹೊರಡುವಾಗ ಕಿಟಕಿಯ ಕಂಬಿ ಹಿಡಿದು ಮೆಲ್ಲಗೆ ಕೇಳಿದರು: "ಆ ಕಾಗ್ದ ಪೋಲೀಸ್ನೋರ್ ಕೈಗೆ ಎಂಗೆ ಓಯ್ತು ಅಂತ ನಿಮ್ಗೇನಾದ್ರೂ ಗೊತ್ತಾ, ಮೇಷ್ಟ್ರೇ?"

"ಗೊತ್ತಿಲ್ಲ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಓಗ್ಲಿ ಬುಡಿ," ಎಂದು ಕಂಬಿ ಬಿಟ್ಟರು.

ತಿಳಿದೇ ಕೇಳಿದರೋ, ತಿಳಿಯದೆ ಕೇಳಿದರೋ... ಆ ಅನುಮಾನ ಅಂದಿನಿಂದ ನನ್ನ ಪಾಲಿಗೆ ಬಂತು. ಎಷ್ಟೋ ವರ್ಷದ ಮೇಲೆ ಹೇಳಿಬಿಡೋಣವೆಂದು ಧೈರ್ಯ ತಂದುಕೊಂಡು ಕಿರುಗಾವಲಿನಲ್ಲಿ ಇಳಿದೆ. ಷೆಡ್ಡಿನಲ್ಲಿದ್ದ ಹೆಂಗಸು ಅವರ ಅಣ್ಣನ ಸೊಸೆಯಂತೆ. "ಚಿಕ್ಕಮಾವ ತೀರೋಗಿ ಎರಡು ವರ್ಷ ಆಯ್ತಲ್ಲ ಸ್ವಾಮಿ," ಎಂದರು. "ನೀವು ಯಾರು, ಅವರಿಗೆ ಏನಾಗ್ಬೇಕು?"

ಜೊತೆಗೆ ಕೆಲಸ ಮಾಡಿದವನು ಎಂದಷ್ಟೇ ಹೇಳಿ ಬಂದೆ. ಆ ತಾಯಿಗೂ ಉಳಿದದ್ದನ್ನು ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಓದಬೇಕಾದವರು ಇಲ್ಲ.